ಹತಾರ ಒಪ್ಪಿಸದ ಊರಿಗೆ

ಜಪಾನಿನ ಸಮುರಾಯಿ ಯೋಧರ ಖಡ್ಗಗಳನ್ನು ನಾನು ನೋಡಿದುದು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನೊಳಗೆ. ಬಾಗಿದ ಮೈಯ, ಒಂದೇ ಬಾಯಿಯ ಆ ಅಲಗುಗಳ ಸೊಬಗಿಗೆ ಮನಸೋತು ಅವುಗಳ ಇತಿಹಾಸವನ್ನು ಓದತೊಡಗಿದ ಮೇಲೆ, ಶಸ್ತ್ರವನ್ನು ಧರಿಸಿದವರ ಕಥೆಗಿಂತ ಅದನ್ನು ಅವರ ಸೊಂಟದಿಂದ ಬಿಚ್ಚಿಸಿಕೊಂಡವರ ಕಥೆಯೇ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿತು. ಅಂತಹ ಕಥೆಯೊಂದು ನಮ್ಮ ಕನ್ನಡ ನೆಲದಲ್ಲಿಯೇ, ಮುಧೋಳ ಸೀಮೆಯ ಹಲಗಲಿಯೆಂಬ ಸಣ್ಣ ಹಳ್ಳಿಯಲ್ಲಿ ನಡೆದುಹೋಗಿರುವಾಗ, ಆ ನೆಲವನ್ನು ಕಣ್ಣಾರೆ ಕಾಣದೆ ದೂರದ ದ್ವೀಪದ ವಿಷಯವಾಗಿ ಮಾತನಾಡುವುದು ಉಚಿತವಲ್ಲವೆಂದೆನಿಸಿ, ದಸರೆ ಮುಗಿದು ದೀಪಾವಳಿ ಇನ್ನೂ ಬಾರದಿದ್ದ ಒಂದು ಮುಂಜಾನೆ ಜಮಖಂಡಿಯಿಂದ ಮುಧೋಳದ ಬಸ್ಸನ್ನು ಹತ್ತಿದೆನು.

ಜಮಖಂಡಿಯು ಪಟವರ್ಧನ ಅರಸರ ಊರು. ರಾಮತೀರ್ಥದ ಗುಡ್ಡದ ಮೇಲಿನ ಅರಮನೆ ಇಂದಿಗೂ ಆ ಗತವೈಭವವನ್ನು ನೆನಪಿಸುತ್ತ ನಿಂತಿದೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಮಖಂಡಿ ಮುಧೋಳಗಳೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಊರು ಬಿಟ್ಟ ಕೂಡಲೆ ಎರೆಭೂಮಿ, ಅದರ ಮೇಲೆ ಗೇಣುದ್ದ ಎದ್ದ ಬಿಳಿಜೋಳ, ನೀರು ಸಿಕ್ಕಲ್ಲೆಲ್ಲ ಕಬ್ಬು. ನನ್ನ ಪಕ್ಕದಲ್ಲಿ ಕುಳಿತಿದ್ದ ರೈತನ ಪಟಗದಲ್ಲಿ ದಸರೆಯ ಬನ್ನಿಯ ಒಣಗಿದ ಎಲೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಖಂಡೇಪೂಜೆಯ ದಿನ ಮನೆಯಲ್ಲಿ ಏನೇನನ್ನು ಪೂಜೆಗಿಟ್ಟಿದ್ದಿರಿ ಎಂದು ಕೇಳಿದುದಕ್ಕೆ ಅವನು, "ಕುಡಗೋಲು, ಕೊಡ್ಲಿ, ಕುರ್ಪಿ, ಟ್ರ್ಯಾಕ್ಟರಿನ ಪಾನಾ. ಮತ್ತೇನೈತ್ರೀ ನಮ್ಮಂತಾವ್ರ ಮನ್ಯಾಗ?" ಎಂದನು. ಖಂಡೆಯವೆಂದರೆ ಖಡ್ಗ, ಹಬ್ಬಕ್ಕೆ ಆ ಹೆಸರು ಉಳಿದು ಗದ್ದಿಗೆಯ ಮೇಲೆ ಮಾತ್ರ ಖಡ್ಗವಿಲ್ಲದಂತಾದುದಕ್ಕೂ ನಾನು ಹೊರಟಿದ್ದ ಊರಿಗೂ ಸಂಬಂಧವುಂಟು.

ಮುಧೋಳವು ಘಟಪ್ರಭೆಯ ದಂಡೆಯ ಊರು. ಘೋರ್ಪಡೆ ಮನೆತನದ ರಾಜಧಾನಿಯಾಗಿದ್ದುದು. ಬೇಟೆನಾಯಿಗಳಿಂದ ದೇಶಾಂತರಗಳಲ್ಲಿ ಹೆಸರಾದುದು. ಆದರೆ ಶಸ್ತ್ರದ ಚಿಂತೆಯಲ್ಲಿ ಬಂದವನಿಗೆ ಇಲ್ಲಿ ಮೊದಲು ನೆನಪಾಗತಕ್ಕವನು ರನ್ನ. ಹತ್ತನೆಯ ಶತಮಾನದಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮಹಾಕವಿ, ಮಹಾಭಾರತದ ಹದಿನೆಂಟು ದಿನಗಳ ಸಕಲಾಯುಧಗಳನ್ನೂ ಹಿಂದಕ್ಕೆ ಸರಿಸಿ, ಭೀಮ ದುರ್ಯೋಧನರ ಕೈಯ ಗದೆಯೊಂದನ್ನೇ ಕಾವ್ಯದ ಕೇಂದ್ರಕ್ಕೆ ತಂದು ನಿಲ್ಲಿಸಿದನು. ನಾಭಿಯಿಂದ ಕೆಳಗೆ ಹೊಡೆಯಲಾಗದೆಂಬುದು ಗದಾಯುದ್ಧದ ಧರ್ಮ. ಭೀಮನು ಹೊಡೆದುದು ತೊಡೆಗೆ. ಸಮುರಾಯಿಗಳ ಶಸ್ತ್ರಧರ್ಮವನ್ನು ಕುರಿತು ಜಗತ್ತೆಲ್ಲ ಗ್ರಂಥಗಳನ್ನು ಬರೆಯುತ್ತಿರುವಾಗ, ಶಸ್ತ್ರಧರ್ಮವು ಮುರಿದುಬೀಳುವ ಕ್ಷಣವನ್ನೇ ಕಾವ್ಯದ ಶಿಖರವಾಗಿ ಮಾಡಿಕೊಂಡ ಈ ಕವಿಯ ಧೈರ್ಯವು ಹೊರಗಿನವರಿಗೆ ತಿಳಿಯದೆ ಹೋದುದು ನಮ್ಮ ಅಲಕ್ಷ್ಯವೇ ಸರಿ.

ಪೇಟೆಯ ಅಂಚಿನಲ್ಲಿ ಒಂದು ಕಂಬಾರಸಾಲೆಯಿತ್ತು. ಹಲಗಲಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಲ್ಲಿ ಹೋಗಿ ನಿಂತೆನು. ಹಳೆಯ ಲಾರಿಯ ಕಮಾನುಪಟ್ಟಿಯ ತುಂಡೊಂದು ಕುಲುಮೆಯಲ್ಲಿ ಕೆಂಪಗೆ ಕಾದು, ಅಡಿಗಲ್ಲಿನ ಮೇಲೆ ಬಡಿಸಿಕೊಂಡು, ನೋಡನೋಡುತ್ತಿದ್ದಂತೆ ಕುಡುಗೋಲಿನ ಬಾಗನ್ನು ಪಡೆಯಿತು. ಕಡೆಯ ಸಲ ಕಾಯಿಸಿದ ಮೇಲೆ ಕಂಬಾರನು ಅದನ್ನು ಇಕ್ಕಳದಲ್ಲಿ ಹಿಡಿದು, ಇಡೀ ಅಲಗನ್ನು ನೀರಿಗೆ ಹಾಕದೆ, ಬಾಯಿಯ ಕಡೆಯ ಬೆರಳಗಲದಷ್ಟನ್ನು ಮಾತ್ರ ನೀರಿಗೆ ತಾಗಿಸಿ ಉದ್ದಕ್ಕೂ ಎಳೆದನು. ಏಕೆಂದು ಕೇಳಿದೆನು. "ಪೂರಾ ಮುಳುಗಿಸಿದ್ರ ಮುರೀತೈತ್ರೀ ಸರ. ಬಾಯಿಗಷ್ಟ ನೀರು ಕುಡಸಬೇಕು, ಬೆನ್ನು ಮೆತ್ತಗ ಇರಬೇಕು" ಎಂದನು ಅವನು, ತಲೆಯೆತ್ತದೆಯೇ.

ಜಪಾನಿನ ಖಡ್ಗಕಾರರ ಪರಮರಹಸ್ಯವೆಂದು ಪುಸ್ತಕಗಳು ಪುಟಗಟ್ಟಲೆ ವರ್ಣಿಸುವ ವಿದ್ಯೆಯ ತಿರುಳು ಇದೇ ಆಗಿದೆ. ಅವರು ಕಬ್ಬಿಣದ ಮರಳನ್ನು ಇದ್ದಲಿನೊಡನೆ ತತಾರ ಎಂಬ ಮಣ್ಣಿನ ಕುಲುಮೆಯಲ್ಲಿ ದಿನಗಟ್ಟಲೆ ಉರಿಸಿ ತಮಹಗಾನೆ ಎಂಬ ಉಕ್ಕನ್ನು ಪಡೆಯುವರು. ಅದನ್ನು ಮತ್ತೆ ಮತ್ತೆ ಮಡಿಸಿ ಬಡಿದು ಅಲಗನ್ನು ಮಾಡುವರು. ಆ ಬಳಿಕ ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಜೇಡಿಮಣ್ಣನ್ನು ಮೆತ್ತಿ, ಕಾಯಿಸಿ, ನೀರಿಗೆ ಇಳಿಸುವರು. ಬಾಯಿ ಥಟ್ಟನೆ ತಣಿದು ಕಠಿಣವಾಗುತ್ತದೆ. ಬೆನ್ನು ಮೆಲ್ಲಗೆ ತಣಿದು ಪೆಟ್ಟು ತಾಳುವ ಮೃದುತ್ವವನ್ನು ಉಳಿಸಿಕೊಳ್ಳುತ್ತದೆ. ಎರಡರ ಸಂಧಿಯಲ್ಲಿ ಅಲೆಅಲೆಯಾದ ಒಂದು ಬಿಳಿಯ ಗೆರೆ ಮೂಡುತ್ತದೆ. ಖಡ್ಗದ ಪ್ರಸಿದ್ಧವಾದ ಆ ಬಾಗು ಪೂರ್ಣವಾಗುವುದೂ ಆ ನೀರಿನಲ್ಲಿಯೇ. ಮುಧೋಳದ ಕಂಬಾರನ ಕುಡುಗೋಲಿಗೆ ಅಂತಹ ಗೆರೆಯ ಚೆಲುವಿಲ್ಲ, ಮಣ್ಣಿನ ಲೇಪವೂ ಇಲ್ಲ. ಆದರೆ ಬಾಯಿ ಗಡಸಾಗಿ ಬೆನ್ನು ಮೆತ್ತಗಿರಬೇಕೆಂಬ ತತ್ತ್ವದಲ್ಲಿ ಕೂದಲೆಳೆಯ ಅಂತರವೂ ಇಲ್ಲ.

ಹಲಗಲಿಯ ದಾರಿ ಹೋದಂತೆಲ್ಲ ಕಬ್ಬು ತೆಳುವಾಗಿ, ಕಲ್ಲುನೆಲ ಮೇಲೆದ್ದು, ಕುರುಚಲು ಹೊದೆದ ಗುಡ್ಡಗಳು ಸಮೀಪಿಸುವುವು. ಬೇಟೆಗಾರನ ಕಣ್ಣಿನಿಂದ ನೋಡಿದರೆ ಇದು ಸಮೃದ್ಧವಾದ ಸೀಮೆ. ಕಂದಾಯದ ಅಧಿಕಾರಿಯ ಕಣ್ಣಿಗೆ ದರಿದ್ರವಾದುದು. ಇಲ್ಲಿ ನೆಲೆಸಿದ ಬೇಡರು ಮೃಗಯೆಯಿಂದಲೂ ಊರ ತಳವಾರಿಕೆಯಿಂದಲೂ ಬದುಕುತ್ತಿದ್ದವರು. ಸಮಯ ಬಂದಾಗ ನಾಯಕರ, ದೇಸಾಯರ ದಂಡಿನಲ್ಲಿ ಕಾದಿದವರು. ಕತ್ತಿ, ಭರ್ಚಿ, ಕಠಾರಿ, ಕೋವಿ ಇವರಿಗೆ ಅಲಂಕಾರವಾಗಿರಲಿಲ್ಲ, ಅನ್ನದ ಸಾಧನವಾಗಿದ್ದುವು. 1857ರಲ್ಲಿ ಉತ್ತರದೇಶದಲ್ಲಿ ಸಿಪಾಯಿಗಳು ದಂಗೆಯೆದ್ದೊಡನೆ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಮಾಡಿ, ಪ್ರಜೆಗಳು ತಮ್ಮಲ್ಲಿರುವ ಆಯುಧಗಳನ್ನು ಒಪ್ಪಿಸತಕ್ಕದ್ದೆಂದು ಆಜ್ಞಾಪಿಸಿತು. ಮುಧೋಳ ಸಂಸ್ಥಾನವೂ ಆ ಆಜ್ಞೆಯನ್ನು ತನ್ನ ಹಳ್ಳಿಗಳಿಗೆ ಸಾರಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬವರು ಮುಂದಾಳುಗಳಾದರು. ನೆರೆಯ ಮಂಟೂರು, ಬೂದನಿ, ಅಲಗುಂಡಿಗಳ ಬೇಡರೂ ಬಂದು ಕೂಡಿಕೊಂಡರು. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರನ್ನು ಮುತ್ತಿತು. ಮನೆಗಳಿಂದ ಗುಂಡು ಹಾರಿಸುತ್ತಿದ್ದವರನ್ನು ಹೊರಡಿಸಲಾರದೆ ಊರಿಗೆ ಬೆಂಕಿಯಿಟ್ಟಿತು. ಸುಮಾರು 290 ಮಂದಿ ಸೆರೆಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ, 14ರಂದು ಹಲಗಲಿಯಲ್ಲಿಯೇ 6 ಜನರನ್ನೂ ಗಲ್ಲಿಗೇರಿಸಿದರು.

ಊರಿನಲ್ಲಿ ನನ್ನನ್ನು ಕೂರಿಸಿಕೊಂಡು ಮಾತನಾಡಿದವರು ಒಬ್ಬ ಹಿರಿಯರು. ಕಟ್ಟೆಯ ಮೇಲೆ ಕಂಬಳಿ ಹಾಸಿ, ಮೊಮ್ಮಗಳ ಕೈಯಲ್ಲಿ ಮಜ್ಜಿಗೆ ತರಿಸಿಕೊಟ್ಟರು. ಹಳೆಯ ಕಾಲದ ಕತ್ತಿಯೋ ಭರ್ಚಿಯೋ ಈ ಊರಿನ ಯಾರ ಮನೆಯಲ್ಲಾದರೂ ಇರಬಹುದೇ ಎಂದು ವಿಚಾರಿಸಿದೆನು. ಅವರು ನಕ್ಕರು. "ಎಲ್ಲಿ ಹತಾರ ತರೂದ್ರೀ? ಇದ್ದದ್ದೆಲ್ಲಾ ಅವತ್ತ ಹೋತು. ಹತಾರ ಕೊಟ್ರ ಬ್ಯಾಟಿ ಹ್ಯಾಂಗ, ಊರು ಕಾಯೂದು ಹ್ಯಾಂಗ ಅಂದ್ರಂತ ನಮ್ಮ ಹಿರ್‍ಯಾರು. ಅಷ್ಟ ಅವ್ರು ಕೇಳಿದ್ದು." ಸ್ವಾತಂತ್ರ್ಯಸಂಗ್ರಾಮವೆಂಬ ದೊಡ್ಡ ಮಾತನ್ನು ಅವರು ಆಡಲಿಲ್ಲ. ನಮ್ಮ ಭಾಷಣಕಾರರು ಆ ಮಾತನ್ನು ಧಾರಾಳವಾಗಿ ಆಡುತ್ತಾರೆ, ತಪ್ಪೂ ಅಲ್ಲ. ಆದರೆ ಬೇಟೆ ಹೇಗೆ, ಕಾವಲು ಹೇಗೆ ಎಂಬ ಆ ಎರಡು ಪ್ರಶ್ನೆಗಳ ತೂಕ ಅದರಲ್ಲಿ ಕಾಣೆಯಾಗುತ್ತದೆಂದು ನನಗೆ ತೋರಿತು.

ಹಲಗಲಿಯ ಬೇಡರ ಲಾವಣಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಕುರ್ತಕೋಟಿಯ ಕಲ್ಮೇಶನ ಹೆಸರನ್ನು ನೆನೆಯುವ ಆ ಹಾಡನ್ನು, ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟನು ಜನರ ಬಾಯಿಂದ ಸಂಗ್ರಹಿಸಿ, ತನ್ನವರ ವಿಜಯವನ್ನು ಸೋತವರ ದೃಷ್ಟಿಯಿಂದ ಹೇಳುವ ಪದವೆಂಬುದನ್ನು ಅರಿತೂ ಅಚ್ಚು ಮಾಡಿಸಿದನೆಂಬುದು ಅವನ ವಿದ್ವತ್ತಿಗೆ ಭೂಷಣವಾದ ಸಂಗತಿ. ಆಯುಧ ಕೇಳಲು ಬಂದ ಕಾರಕೂನನಿಗೆ ಬಿದ್ದ ಪೆಟ್ಟು, ದಂಡು ಬಂದುದು, ವೀರರು ಒಬ್ಬೊಬ್ಬರಾಗಿ ಬಿದ್ದುದು ಎಲ್ಲವೂ ಅದರಲ್ಲಿವೆ. ಆದರೆ ನಾನು ಹಿರಿಯರ ಬಾಯಿಂದ ಮತ್ತೊಮ್ಮೆ ಕೇಳಬಯಸಿದುದು ಲೂಟಿಯ ಭಾಗವನ್ನು. ಹತಾರಗಳಿಗಾಗಿ ಬಂದ ಸೈನ್ಯವು ಆ ಊರಿನಿಂದ ಒಯ್ದುದೇನೆಂಬುದನ್ನು ಲಾವಣಿಕಾರನು ಎಣಿಸುತ್ತ ಹೋಗುತ್ತಾನೆ: ಕೊಡಲಿ, ಉಳುವ ನೇಗಿಲಿನ ಕುಡ; ಹಾಲು ಮೊಸರು ಬೆಣ್ಣೆ; ಬೆಲ್ಲ, ಜೀರಿಗೆ, ಅರಿಶಿಣ, ಉಪ್ಪು; ಉಣ್ಣುವ ಗಂಗಾಳ, ಬೀಸುವ ಕಲ್ಲು, ಹೆಂಗಸರ ಕೊರಳಿನ ಮಂಗಳಸೂತ್ರ. ಯಾವ ಸರಕಾರದ ವರದಿಯಲ್ಲಿಯೂ ಜೀರಿಗೆಯ ಲೆಕ್ಕವಿರಲಾರದು. ಊರನ್ನು ನಿಶ್ಶಸ್ತ್ರಗೊಳಿಸುವುದೆಂದರೆ ವಾಸ್ತವದಲ್ಲಿ ಏನೆಂಬುದನ್ನು ಇಷ್ಟು ನಿರುದ್ವೇಗವಾಗಿ ಹೇಳಿದ ಇನ್ನೊಂದು ದಾಖಲೆಯನ್ನು ನಾನು ಬೇರೆ ಯಾವ ದೇಶದ ಚರಿತ್ರೆಯಲ್ಲಿಯೂ ಕಂಡಿಲ್ಲ.

ಜಪಾನಿನಲ್ಲಿ ಈ ಕೆಲಸ ಎರಡು ಸಾರಿ ನಡೆಯಿತು. 1588ರಲ್ಲಿ ಅಲ್ಲಿನ ಅಧಿಪತಿಯಾಗಿದ್ದ ಹಿದೆಯೋಶಿಯು, ತಾನೂ ಸಾಮಾನ್ಯರ ಮನೆಯಿಂದ ಮೇಲೆ ಬಂದವನಾಗಿದ್ದರೂ, ರೈತರ ಮನೆಗಳಿಂದ ಕತ್ತಿ, ಈಟಿ, ಬಿಲ್ಲು, ಬಂದೂಕುಗಳನ್ನು ಸೆಳೆದುಕೊಂಡನು; ಆ ಲೋಹವನ್ನು ಕ್ಯೋತೋ ನಗರದ ಮಹಾಬುದ್ಧಮಂದಿರದ ಮೊಳೆಗಳಿಗೆ ಉಪಯೋಗಿಸುವುದರಿಂದ ರೈತರಿಗೆ ಇಹಪರಗಳೆರಡರಲ್ಲಿಯೂ ಶ್ರೇಯಸ್ಸು ದೊರೆಯುವುದೆಂದು ಪ್ರಕಟನೆ ಹೊರಡಿಸಿದನು. ಕಂಪನಿಯವರಿಗೆ ಇಷ್ಟು ಕಲ್ಪನಾಶಕ್ತಿ ಇರಲಿಲ್ಲ. ಅಂದಿನಿಂದ ಹಿರಿಕಿರಿಯ ಜೋಡುಕತ್ತಿಗಳು ಸಮುರಾಯಿಯೊಬ್ಬನದೇ ಗುರುತಾಗುತ್ತ ಬಂದುವು. ಮೇಜಿ ಸರಕಾರವು 1876ರಲ್ಲಿ ಅವನ ಸೊಂಟದಿಂದಲೂ ಅವನ್ನು ಬಿಚ್ಚಿಸಿತು. ಮರುವರ್ಷ ಸತ್ಸುಮಾ ಪ್ರಾಂತದಲ್ಲಿ ಸೈಗೋ ತಕಮೋರಿಯ ನೇತೃತ್ವದಲ್ಲಿ ದಂಗೆಯೆದ್ದು, ಕಡೆಗೆ ಬಂದೂಕುಗಳ ಎದುರು ಖಡ್ಗ ಹಿಡಿದು ಮಡಿದವರು ಅನೇಕರು. ಹಲಗಲಿಯ ತರುವಾಯ ನಮ್ಮಲ್ಲಿಯೂ 1858ರಲ್ಲಿ ಸುರಪುರ, ಮುಂಡರಗಿ, ನರಗುಂದಗಳು ಹೊತ್ತಿ ಉರಿದುವು. ಆದರೆ ಅದೇ ಆಂಗ್ಲರು 1861ರಲ್ಲಿ ಕೊಡವರಿಗೆ, ಅವರ ನಿಷ್ಠೆಯನ್ನು ಮೆಚ್ಚಿ, ಆಯುಧಗಳ ಕಾಯಿದೆಯಿಂದ ವಿನಾಯಿತಿಯನ್ನು ಕೊಟ್ಟರು. ಒಡಿಕತ್ತಿಯೂ ಪೀಚೆಕತ್ತಿಯೂ ಕೊಡಗಿನ ಮನೆಗಳಲ್ಲಿ ಉಳಿದು, ಕೋವಿಗೆ ಇಂದಿಗೂ ಕೈಲ್‌ಪೊಳ್ದಿನಂದು ಪೂಜೆ ಸಲ್ಲುತ್ತದೆ. ಕೊಡವರ ಭಾಗ್ಯವನ್ನು ಕಂಡು ಅಸೂಯೆಪಡಬೇಕಾದುದಿಲ್ಲ. ಆದರೆ ಒಂದೇ ಕನ್ನಡನಾಡಿನ ಇಬ್ಬರು ಬೇಟೆಗಾರರಲ್ಲಿ ಒಬ್ಬನಿಗೆ ಸನ್ನದು, ಇನ್ನೊಬ್ಬನಿಗೆ ಗಲ್ಲು ದೊರೆತುದು ಆಯುಧದ ಗುಣದೋಷಗಳಿಂದಲ್ಲ.

ಇದನ್ನೆಲ್ಲ ನಾನು ಹಿರಿಯರಿಗೆ ಹೇಳುತ್ತಿದ್ದೆನು. ಅವರು ಎಲೆಯಡಿಕೆಯ ಸಂಚಿಯನ್ನು ಬಿಚ್ಚುತ್ತ, "ಆ ಜಪಾನದ ಮಂದಿ ಕತ್ತಿ ಬಿಟ್ಟಮ್ಯಾಲ ಹೊಟ್ಟೀಗೆ ಏನು ಮಾಡಿದ್ರ್ರೀ?" ಎಂದು ಕೇಳಿದರು. ಖಡ್ಗಕಾರರಲ್ಲಿ ಬಹಳ ಜನ ಅಡುಗೆಮನೆಯ ಚೂರಿಗಳನ್ನೂ ಕತ್ತರಿಗಳನ್ನೂ ಮಾಡಹತ್ತಿದರೆಂದೂ, ಸಮುರಾಯಿಗಳಲ್ಲಿ ಎಷ್ಟೋ ಮಂದಿ ಹೊಸ ಸರಕಾರದ ಪೋಲೀಸಿನಲ್ಲಿ ಸೇರಿದರೆಂದೂ, ಸೈಗೋನ ದಂಗೆಯನ್ನು ಅಡಗಿಸಲು ಹೋದ ಸೈನ್ಯದಲ್ಲಿ ಅಂತಹ ಪೋಲೀಸರದೇ ಒಂದು ಖಡ್ಗಪಡೆ ಇತ್ತೆಂದೂ ತಿಳಿಸಿದೆನು.

"ಹಂಗಾರ ಅವ್ರಿಗೆ ತಳವಾರ್‍ಕಿ ಸಿಕ್ತನ್ರೀ" ಎಂದರು ಅವರು, ಸುಣ್ಣ ಹಚ್ಚಿದ ಎಲೆಯನ್ನು ನನ್ನ ಕೈಗಿಡುತ್ತ. "ನಮಗ ಅದೂ ಹೋತು ನೋಡ್ರಿ."