ದೊಡ್ಡವ್ವ ನಗದ ಕತೆ

ಹೋದ ವರ್ಷ ಒಂದು ಕತೆ ಬರೆದೆ. ಮಳೆ ಕೈಕೊಟ್ಟು, ದೇವದುರ್ಗ ಕಡೆಯ ಕುಟುಂಬವೊಂದು ಬೆಂಗಳೂರಿಗೆ ಗುಳೆ ಹೋಗುವ ಕತೆ. ಅದರಲ್ಲಿ ಎತ್ತು ಸಾಯಿಸಿದೆ, ಮಗುವಿಗೆ ಜ್ವರ ಬರಿಸಿದೆ, ಮೇಸ್ತ್ರಿಯನ್ನು ರಾಕ್ಷಸ ಮಾಡಿದೆ. ಓದಿದವರು ಅಳಬೇಕು, ಅಷ್ಟೇ ನನ್ನ ಲೆಕ್ಕ. ಅದೇ ವಾಸ್ತವ ಅಂದುಕೊಂಡಿದ್ದೆ. ಮನರಂಜನೆ ಬೇಕಾದವರು ಸಿನಿಮಾ ನೋಡಲಿ!

ನಿಜವಾಗಿ ಹಾಗೆ ಗುಳೆ ಹೋಗಿ ಬಂದವಳು ನಮ್ಮ ದೊಡ್ಡವ್ವ. ಯುಗಾದಿಗೆ ದೇವದುರ್ಗಕ್ಕೆ ಹೋದಾಗ ಕತೆ ಓದಿ ಹೇಳಿದೆ. ಶೇಂಗಾ ಸುಲಿಯುತ್ತಾ ಕೇಳಿದಳು. ಕಣ್ಣೊರೆಸಿಕೊಳ್ಳಲಿಲ್ಲ.

“ಚಲೋ ಐತಿ. ಆದ್ರ ಯಪ್ಪಾ, ಇದ್ರಾಗ ನಾವು ಒಂದ್ಸಲನೂ ನಕ್ಕೇ ಇಲ್ಲಲ್ಲ?”

ಆಮೇಲೆ ತಾನೇ ಶುರು ಮಾಡಿದಳು. ಬೆಂಗಳೂರು ಬಸ್ಸಿಗೆ ಜೋಳದ ಚೀಲ ಹಾಕಿಕೊಂಡಿದ್ದರಂತೆ. ಲಗೇಜಿಗೆ ದುಡ್ಡಿಲ್ಲ. ದೊಡ್ಡಪ್ಪ ಚೀಲವನ್ನು ಸೀಟಿನ ಮೇಲೆ ಕೂಡಿಸಿ, ಸೀರೆ ಹೊದಿಸಿ, “ನಮ್ಮವ್ವ ರೀ, ಆರಾಮಿಲ್ಲ, ಮಲಗ್ಯಾಳ” ಅಂದನಂತೆ. ಕಂಡಕ್ಟರ್ ನೋಡಿ, “ಹಂಗಾದ್ರ ಅವ್ವಗೂ ಒಂದು ಟಿಕೆಟ್ ತಗೋ” ಅಂದನಂತೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು.

ನಗು ನಿಂತ ಮೇಲೆ ದೊಡ್ಡವ್ವ ಮೆಲ್ಲಗೆ ಅಂದಳು: “ಆ ಜ್ವಾಳ ಇಪ್ಪತ್ತು ದಿನಕ್ಕ ತೀರ್ತು. ಅವತ್ತ ಅತ್ತೀನಿ ನೋಡು.”

ನಾನು ಸತ್ತ ಎತ್ತನ್ನು ತೋರಿಸಿಯೂ ಮಾಡಲಾಗದ್ದನ್ನು ಆಕೆ ಒಂದು ಖಾಲಿ ಚೀಲದಲ್ಲಿ ಮಾಡಿದ್ದಳು.

ವಾಪಸ್ ರಾಯಚೂರು ಬಸ್ಸಿನಲ್ಲಿ ಅಮರೇಶ ನುಗಡೋಣಿ ನೆನಪಾದರು. ಅವರು ನಮ್ಮ ಮಾನ್ವಿ ಕಡೆಯ ನುಗಡೋಣಿಯವರು. ಅವರ ‘ಸವಾರಿ’ ಕತೆಯಿಂದಲೇ ಗಿರೀಶ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಮಾಡಿದ್ದು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಗೋರಿ ತೋಡುವವನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸತ್ತಿರುತ್ತಾರೆ. ಒಮ್ಮೆ ಕನಸು ಬೀಳುತ್ತದೆ, ಸಾವಿನ ಸುದ್ದಿಯೇ ಬರುವುದಿಲ್ಲ. ಗೌಡರ ಸಾವನ್ನು ಮುಚ್ಚಿಟ್ಟಿರುತ್ತಾರೆ. ಮುಂದೇನು ಅಂತ ನಾವು ಕುತೂಹಲದಿಂದ ಕೂತಿರುವಾಗಲೇ ಬಡವನ ಹಸಿವು, ದೊಡ್ಡ ಮನೆಯ ಅಧಿಕಾರ ಎಲ್ಲ ಕಣ್ಣಿಗೆ ಬೀಳುತ್ತವೆ. ವಾಸ್ತವ ಒಂದು ತಟ್ಟೆಯಲ್ಲಿ, ರಂಜನೆ ಇನ್ನೊಂದರಲ್ಲಿ ಇಟ್ಟು ತೂಗಿದ ಹಾಗೆ ಅನಿಸುವುದೇ ಇಲ್ಲ.

ಕಷ್ಟಪಟ್ಟವರಿಂದ ನಗು ಕಿತ್ತುಕೊಂಡು ಅದನ್ನೇ ನಿಜ ಅಂತ ಬರೆದಿದ್ದೆ. ನಗದವರನ್ನು ಬರೀ ಪಾಪ ಅನ್ನಬಹುದು, ನಮ್ಮವರು ಅನ್ನೋಕಾಗಲ್ಲ.

ಕತೆ ಮತ್ತೆ ಬರೆಯುತ್ತಿದ್ದೇನೆ. ಎತ್ತು ಬದುಕಿದೆ. ಅವ್ವನ ಟಿಕೆಟ್ ತಗೊಂಡ್ರೋ ಇಲ್ಲವೋ ಅಂತ ಫೋನ್ ಮಾಡಿ ಕೇಳಿದೆ. ದೊಡ್ಡಪ್ಪ ನಗುತ್ತಾನೆ, ಹೇಳುವುದಿಲ್ಲ.