ಹಲ್ಲುಗಳ ಲೆಕ್ಕ

ವಯನಾಡಿನ ಮೀನಂಗಾಡಿಯ ಬಳಿ ನಮ್ಮ ಕಾಫಿ ತೋಟವಿದೆ. ಮೊಣಕಾಲು ನೋವಿನಿಂದಾಗಿ ಅಪ್ಪ ಗುಡ್ಡದ ಮೇಲಿನ ಕಾಳುಮೆಣಸಿನ ಬಳ್ಳಿಗಳನ್ನು ಕಂಡು ಮೂರು ಮಳೆಗಾಲಗಳು ಕಳೆದಿದ್ದವು. ಅವರಿಗಾಗಿಯೇ ತಮ್ಮ ಹಳೆಯ ಬೈಕಿನ ಎಂಜಿನ್ ಬಳಸಿ ನಾಲ್ಕು ಚಕ್ರದ ಪುಟ್ಟ ಬಗ್ಗಿಯೊಂದನ್ನು ಕಟ್ಟಿದ. ಎಂಜಿನ್ನಿಗೆ 14 ಹಲ್ಲಿನ, ಹಿಂದಿನ ಅಚ್ಚಿಗೆ 28 ಹಲ್ಲಿನ ಸ್ಪ್ರಾಕೆಟ್. ಅಂಗಳದಲ್ಲಿ ಅದು ಓಡಿದ ವೇಗಕ್ಕೆ ಹುಡುಗರು ಕೇಕೆ ಹಾಕಿದರು; ನಾನೂ ಹಾಕಿದೆನೆಂಬುದನ್ನು ಮರೆಮಾಚಲಾರೆ.

ಅಪ್ಪನನ್ನು ಕೂರಿಸಿಕೊಂಡು ಏರು ಹತ್ತಿದಾಗ ಮೊದಲ ಗೇರಿನಲ್ಲೂ ಎಂಜಿನ್ ನರಳಿತು. ಕ್ಲಚ್ ಸುಟ್ಟ ವಾಸನೆ ಬಂತು. ಅಪ್ಪ ಮಾತನಾಡದೆ ಇಳಿದು, ಊರುಗೋಲೂರಿ ಹಿಂದಿರುಗಿದರು.

ಆ ವಾರವೇ ತಮ್ಮ ಹಿಂದಿನ ಸ್ಪ್ರಾಕೆಟ್ ತೆಗೆದು 42 ಹಲ್ಲಿನದನ್ನು ಕೂರಿಸಿದ. ಅನುಪಾತ ಎರಡರಿಂದ ಮೂರಕ್ಕೇರಿತು. ಎಂಜಿನ್ನಿನ ಶಕ್ತಿ ಮೊದಲಿನಷ್ಟೇ. ಆದರೆ ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಒಂದೂವರೆ ಪಟ್ಟಾಗುತ್ತದೆ, ವೇಗದಲ್ಲಿ ಮೂರನೆಯ ಒಂದು ಪಾಲು ಕಳೆಯುತ್ತದೆ. ತಾಮರಶ್ಶೇರಿ ಘಾಟಿಯ 9 ತಿರುವುಗಳನ್ನು ಬಸ್ಸಿನಲ್ಲಿ ಎಷ್ಟೋ ಸಲ ಹತ್ತಿದ್ದರೂ ಗೇರ್ ಇಳಿಸುವ ಚಾಲಕನ ಎಡಗೈಯನ್ನು ನಾನು ಗಮನಿಸಿರಲಿಲ್ಲ. ಹಾಗಾದರೆ ಇನ್ನಷ್ಟು ಹಲ್ಲು ಇರಲಿ ಎಂದೆ. "ಬೇಡಕ್ಕ, ಒದ್ದೆ ಮಣ್ಣಿನಲ್ಲಿ ಹಿಡಿತ ತಪ್ಪಿ ಚಕ್ರ ನಿಂತಲ್ಲೇ ಸುತ್ತುತ್ತದೆ" ಎಂದ.

ಮರುದಿನ ಬಗ್ಗಿ ನಡಿಗೆಯ ವೇಗದಲ್ಲಿ ಗುಡ್ಡವೇರಿತು. ಹುಡುಗರಿಗೆ ಬೇಸರ. ಅಪ್ಪ ಬಳ್ಳಿಯೊಂದನ್ನು ಸವರಿ, ಮೇಲಿನ ದಟ್ಟ ನೆರಳನ್ನು ನೋಡಿ ನಮ್ಮತ್ತ ತಿರುಗಿದರು: "ಮೂರು ವರ್ಷದಿಂದ ಮರಗಸಿಯನ್ನೇ ಮಾಡಿಸಿಲ್ಲವೇನೋ?"