ಕೊರ್ರಮೀನು ಮತ್ತು ರಬ್ಬರ್ ಹುಳ: ಮಳೆಗಾಲದ ಟಿಪ್ಪಣಿಗಳು

ಜೂನ್ ಮೊದಲ ವಾರ, ರಾಯಚೂರು

ಅಕ್ಕನ ಮಗ ಟೆಕ್ಸಾಸಿನಿಂದ ಬಂದಿದ್ದಾನೆ. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಆಗಸ್ಟ್ ನಡುವಿನವರೆಗೂ ರಜೆ. ಪೆಟ್ಟಿಗೆ ಬಿಚ್ಚಿದರೆ ಚಾಕೊಲೇಟಿನ ಕೆಳಗೆ ಹತ್ತಿಪ್ಪತ್ತು ಪುಟ್ಟ ಪಾಕೀಟುಗಳು. ಅಕ್ಕ ಒಂದನ್ನು ಒಡೆದು ಮೂಗಿಗೆ ಹಿಡಿದಳು. ಸೋಂಪಿನ ವಾಸನೆ. ಒಳಗಿದ್ದದ್ದು ರಬ್ಬರ್ ಹುಳ! ಎರೆಹುಳದಷ್ಟೇ ಉದ್ದ, ಬಲಿತ ಕುಂಬಳಸಿಪ್ಪೆಯ ಹಸಿರು, ಮೈತುಂಬ ಜರಿಯ ಚುಕ್ಕೆ. ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುತ್ತದೆ.

ಅದರ ಜೊತೆ ನಾರಿನಂಥ ಒಂದು ಕೋಲು, ಅಂಗೈಯಷ್ಟು ರೀಲು, ಕೂದಲಿಗಿಂತ ತುಸು ದಪ್ಪನೆಯ ದಾರ. ಎಷ್ಟು ಭಾರ ತಡೆಯುತ್ತದೆ ಅಂತ ಕೇಳಿದೆ. ಆರು ಪೌಂಡು, ಅಂದರೆ 2.7 ಕಿಲೋ. ಇಷ್ಟು ತೆಳುವಾದ ಸರಂಜಾಮಿನಿಂದ ಬಾಸ್ ಮೀನು ಹಿಡಿಯುವುದಕ್ಕೆ ಅಲ್ಲಿ 'ಫಿನೆಸ್' ಅನ್ನುತ್ತಾರಂತೆ. ನಯದ ಬೇಟೆ ಅನ್ನಬಹುದು.

ನಾನು ಗಾಳ ಹಿಡಿದವನಲ್ಲ. ಗಾಳ ಹಿಡಿದು ಕೂತವರ ಪಕ್ಕ ಕೂತು ನೋಡುವುದು ಮಾತ್ರ ಹಳೆಯ ಚಾಳಿ. ಎರೆಹುಳಕ್ಕೆ ಮೀನು ಯಾಕೆ ಬರುತ್ತದೆ ಅಂತ ಕೇಳಬೇಕಾದ್ದಿಲ್ಲ, ಅದು ಊಟ. ಇದು ಊಟವಲ್ಲ. ಇದರಲ್ಲಿ ರಕ್ತವಿಲ್ಲ, ಜೀವವಿಲ್ಲ. ಮೀನು ಇದಕ್ಕೆ ಬಾಯಿ ಯಾಕೆ ಹಾಕುತ್ತದೆ? ಈ ಪ್ರಶ್ನೆಗಾಗಿಯೇ ಹೊಸ ನೋಟುಪುಸ್ತಕ ತೆಗೆದೆ.

ಅದೇ ವಾರ, ಜಗಲಿಯ ಮೇಲೆ

ಗಾಳಕ್ಕೆ ಹುಳ ಪೋಣಿಸುವುದನ್ನು ಹತ್ತಿರದಿಂದ ನೋಡಿದೆ. ಗಾಳದ ತುದಿಯನ್ನು ಹುಳದ ತಲೆಗೆ ನೇರ ಚುಚ್ಚಿದ. ಒಂದು ಉಗುರಿನ ಅರ್ಧದಷ್ಟು ಒಳಗೆ ಹೋದ ಮೇಲೆ ಪಕ್ಕಕ್ಕೆ ತೆಗೆದ. ಗಾಳವನ್ನೆಲ್ಲ ಅದರೊಳಗಿಂದ ಎಳೆದು, ದಾರ ಕಟ್ಟುವ ಕಣ್ಣು ಹುಳದ ತಲೆಯೊಳಗೆ ಅಡಗುವ ಹಾಗೆ ತಂದ. ಆಮೇಲೆ ಗಾಳವನ್ನು ತಿರುವಿ, ಹುಳದ ಮೈಗೆ ಆನಿಸಿ ಅಳತೆ ನೋಡಿದ. ಬಾಗು ಎಲ್ಲಿ ಮುಟ್ಟುತ್ತದೋ ಅಲ್ಲಿಗೇ ತುದಿ ಚುಚ್ಚಿ, ಆಚೆ ಬದಿಗೆ ತೆಗೆದು, ಮತ್ತೆ ಮೇಲ್ತೊಗಲಿನಡಿ ಕೂದಲೆಳೆಯಷ್ಟು ಸೇರಿಸಿಬಿಟ್ಟ. ಬೆರಳಾಡಿಸಿದರೆ ಮುಳ್ಳು ತಾಗುವುದಿಲ್ಲ. ಜೊಂಡು, ಹುಲ್ಲು, ಬೇರು ಯಾವುದಕ್ಕೂ ಸಿಕ್ಕದೆ ನುಸುಳಿ ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ಮೆತ್ತನೆಯ ಮೈ ಕುಸಿದು ಮುಳ್ಳು ಹೊರಬೀಳುತ್ತದೆ. ಟೆಕ್ಸಾಸ್ ರಿಗ್ ಅಂತ ಇದರ ಹೆಸರು.

ಅಕ್ಕ ಕೌದಿ ಹೊಲಿಯುವವಳು. ಒಂದು ಗಳಿಗೆ ನೋಡಿ, "ಸೊಟ್ಟ ಆಗೇದ ನೋಡು, ಬಿಚ್ಚು" ಅಂದಳು. ಹೌದು, ಸೊಟ್ಟ ಆಗಿತ್ತು. ಹುಳ ಒಂದು ಎಳೆ ಡೊಂಕಾದರೂ ಸಾಕು, ನೀರಲ್ಲಿ ಎಳೆದಾಗ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಅವನು ಬಿಚ್ಚಿ ಮತ್ತೆ ಪೋಣಿಸಿದ. ಮೂರನೆಯ ಸಲಕ್ಕೆ ಅಕ್ಕ ತಲೆಯಾಡಿಸಿದಳು.

ಮರುದಿನ, ನೀರಿನ ತೊಟ್ಟಿ

ಹಿತ್ತಲ ತೊಟ್ಟಿ ತುಂಬಿಸಿ ಹುಳ ಬಿಟ್ಟು ನೋಡಿದೆವು. ಮೊದಲು 1.8 ಗ್ರಾಂ ತೂಕದ ಗುಂಡು ಸೇರಿಸಿ. ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಹದಿನೈದು ಗುಲಗಂಜಿ. ತಲೆ ಕೆಳಗಾಗಿ ಇಳಿದು ತಳಕ್ಕೆ ಕೂತಿತು. ಚೆನ್ನಾಗಿಯೇ ಇತ್ತು, ಆದರೆ ಕಲ್ಲು ಮುಳುಗಿದ ಹಾಗೆ.

ಆಮೇಲೆ ಗುಂಡು ತೆಗೆದು, ಗಾಳವನ್ನು ಹುಳದ ನಟ್ಟನಡುವೆ ಅಡ್ಡಕ್ಕೆ ಚುಚ್ಚಿದ. ವ್ಯಾಕಿ ರಿಗ್. ನೋಡಲು ಏನೇನೂ ಅಲ್ಲ, ಮಕ್ಕಳು ಚುಚ್ಚಿದಂತಿದೆ. ನೀರಿಗೆ ಬಿಟ್ಟ ಮೇಲೆ ನಾನು ಮಾತಾಡುವುದನ್ನೇ ಮರೆತೆ. ಅಡ್ಡ ಮಲಗಿದಂತೆಯೇ ನಿಧಾನಕ್ಕೆ ಇಳಿಯುತ್ತ ಎರಡೂ ತುದಿ ನಡುಗುತ್ತಿದ್ದವು. ಯಾರೂ ಎಳೆಯುತ್ತಿಲ್ಲ, ಯಾರೂ ಅಲ್ಲಾಡಿಸುತ್ತಿಲ್ಲ. ಎರಡಡಿ ನೀರು ದಾಟಲು ಅದಕ್ಕೆ ಎಷ್ಟು ಪುರುಸೊತ್ತು! ಹುಳದೊಳಗೆ ಉಪ್ಪು ಬೆರೆಸಿರುತ್ತಾರಂತೆ. ಉಪ್ಪಿನ ತೂಕಕ್ಕೇ ಅದು ಮುಳುಗುವುದು, ಬೇರೆ ಗುಂಡು ಬೇಡ. ಹತ್ತು ಸಲ ಬಿಟ್ಟೆವು, ಹತ್ತು ಸಲವೂ ನಡುಗಿತು. ಜೀವವಿಲ್ಲ ಅಂತ ಮೊದಲ ಪುಟದಲ್ಲಿ ಬರೆದದ್ದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಇನ್ನೊಂದು ರಾತ್ರಿ, ಕರೆಂಟು ಹೋದಾಗ

ಅವನು ಹೇಳಿದ್ದು, ನಾನು ಕೇಳಿ ಬರೆದುಕೊಂಡದ್ದು:

1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಲ್ಲಿ ನಿಕ್ ಕ್ರೀಮ್ ಮತ್ತು ಅವನ ಹೆಂಡತಿ ಕಾಸ್ಮಾ ಮನೆಯ ಅಡುಗೆಮನೆಯಲ್ಲಿ ದ್ರವ ಪ್ಲಾಸ್ಟಿಕ್ ಕಾಸಿ ಅಚ್ಚಿಗೆ ಸುರಿದು ಇಂಥ ಹುಳ ಮಾಡಿದರು. ಆಗ ನಮ್ಮ ರಾಯಚೂರು ನಿಜಾಮನ ಕೈಬಿಟ್ಟು ವರ್ಷವಷ್ಟೇ ಆಗಿತ್ತು. ಮುಂದೆ ಕ್ರೀಮ್ ದಂಪತಿಯ ಉದ್ಯಮ ಟೆಕ್ಸಾಸಿನ ಟೈಲರ್ ಊರಿಗೆ ಹೋಯಿತು.

ಬಾಸ್ ಮೀನು ಹಲ್ಲಿನಿಂದ ಕಚ್ಚಿ ಹರಿಯುವುದಿಲ್ಲ. ಬಾಯಿ ಫಕ್ಕನೆ ತೆರೆದು ನೀರಿನ ಸಮೇತ ಒಳಗೆ ಸೆಳೆಯುತ್ತದೆ, ತಿನ್ನುವುದಲ್ಲ ಅನ್ನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಕಟ್ಟಿಗೆಯದನ್ನೋ ಲೋಹದ್ದನ್ನೋ ತಕ್ಷಣ ಉಗುಳುತ್ತದೆ. ಮೆತ್ತನೆಯದಾದರೆ, ಉಪ್ಪು ಹತ್ತಿದರೆ, ಒಂದು ಕ್ಷಣ ಹೆಚ್ಚು ಇಟ್ಟುಕೊಳ್ಳುತ್ತದೆ. ಗಾಳದವನಿಗೆ ಸಿಗುವುದು ಆ ಒಂದು ಕ್ಷಣ. ತೆಳುವಾದ ದಾರ, ಎಳೆಯ ಕೋಲು ಎಲ್ಲವೂ ಆ ಕ್ಷಣವನ್ನು ಇನ್ನಷ್ಟು ಎಳೆಯುವುದಕ್ಕೆ. ಆ ಕಡೆ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ಮೀನಿಗೆ ತಿಳಿಯಬಾರದು.

ಮೃಗಶಿರ

ಮಿರಗ ಕೂಡಿತು. ಈ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಉಬ್ಬಸದವರಿಗೆ ಜೀವಂತ ಕೊರ್ರಮೀನಿನ ಮರಿಯ ಬಾಯಲ್ಲಿ ಔಷಧವಿಟ್ಟು ನುಂಗಿಸುತ್ತಾರೆ. ನಮ್ಮ ಕಡೆಯಿಂದಲೂ ಜನ ರೈಲು ಹತ್ತಿ ಹೋಗುತ್ತಿದ್ದದ್ದು ನೆನಪಿದೆ. ಕೊರ್ರಮೀನು ತೆಲಂಗಾಣದ ರಾಜ್ಯಮೀನು. ಗಡಿಯ ಈಚೆಗೂ ಅದರ ಹೆಸರು ಅದೇ. ನೀರಿನಿಂದ ಮೇಲೆ ಬಂದು ಗಾಳಿ ಗುಟುಕರಿಸದಿದ್ದರೆ ಈ ಮೀನು ಬದುಕದು. ಹಾಗಾಗಿಯೇ ಬುಟ್ಟಿಯಲ್ಲಿ ಒದ್ದೆ ಹುಲ್ಲಿನ ನಡುವೆಯೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ.

ಬಾಸ್ ನಮ್ಮ ಹೊಳೆಗಳಲ್ಲಿಲ್ಲ. ಜೊಂಡಿನಲ್ಲಿ ಅಡಗಿ ಕೂತು ಎರಗುವುದರಲ್ಲಿ ಅದಕ್ಕೆ ನಂಟಾಗಬಲ್ಲದ್ದು ಕೊರ್ರಮೀನೇ ಅಂತ ಅಳಿಯನ ಲೆಕ್ಕ.

ಇವತ್ತು ಒಂದು ಅನಾಹುತ. ಹುಳಗಳ ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಬಿಸಿಲಿಗೆ ಬಿಟ್ಟಿದ್ದೆವು. ಸಂಜೆ ತೆಗೆದರೆ ಅರ್ಧ ಹುಳ ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಪಾಕದಂತಾಗಿವೆ. ಬಿಸಿಲೊಂದೇ ಕಾರಣವಲ್ಲ. ತೇಲುವ ಜಾತಿಯ ಹುಳದ ಪ್ಲಾಸ್ಟಿಕ್ ಬೇರೆ, ಮುಳುಗುವುದರದ್ದು ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದರೆ ಒಂದನ್ನೊಂದು ತಿನ್ನುತ್ತವೆ. ಗೊತ್ತಿದ್ದೂ ಜಾಗ ಉಳಿಸಲು ಹಾಗೆ ತುಂಬಿದ್ದನಂತೆ. ಆ ಅಂಟನ್ನು ನೋಡಿ ನನಗೆ ಬೇರೆ ಚಿಂತೆ ಹತ್ತಿತು. ದಾರ ಹರಿದು ನೀರಲ್ಲೇ ಉಳಿಯುವ ಹುಳದ ಗತಿ ಏನು? ಕೊಳೆಯುವುದಿಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲಿ ಊದಿಕೊಳ್ಳುತ್ತದೆ ಅಂದ. ಹರಿದ ಹುಳವನ್ನು ನೀರಿಗೆ ಬಿಸಾಡದೆ ಜೇಬಿಗೆ ಹಾಕುವುದು ಅಂತ ಇಬ್ಬರೂ ಮಾತು ಕೊಟ್ಟುಕೊಂಡೆವು.

ಜೂನ್ ಕೊನೆ, ದೇವದುರ್ಗ ತಾಲ್ಲೂಕು

ಗೂಗಲ್ ಬ್ಯಾರೇಜಿನ ಹತ್ತಿರ, ಕೃಷ್ಣೆಯ ದಂಡೆ. ಮೇಲಿನಿಂದ ಇನ್ನೂ ನೀರು ಬಿಟ್ಟಿಲ್ಲ. ಬಂಡೆಗಳ ನಡುವೆ ಮಡುಗಳು ತಿಳಿಯಾಗಿವೆ. ಒಬ್ಬ ಅಂಬಿಗರ ತಾತ ಕಲ್ಲಿನ ಮೇಲೆ ಕೂತಿದ್ದರು. ಬಿದಿರಿನ ಕೋಲು, ಎರೆಹುಳ, ಜೋಳದ ಹಿಟ್ಟಿನ ಉಂಡೆ. ನಾವು ಕೆಳಗಿಳಿಯುತ್ತಿದ್ದಂತೆ, "ನೀರಿಗಿ ಕಾಲು ಇಡಬ್ಯಾಡ್ರಿ, ಮೊಸಳಿ ಅದಾವ" ಅಂದರು. ಮೇಲಿನ ಕಲ್ಲಿನಲ್ಲೇ ನಿಂತೆವು.

ಅಳಿಯ ಎಂಟು ಹತ್ತು ಸಲ ಎಸೆದ. ಏನಿಲ್ಲ. ತಾತನ ಗಾಳಕ್ಕೆ ಅಷ್ಟರಲ್ಲಿ ಎರಡು ಜಿಲೇಬಿ ಮೀನು. ನನ್ನ ಕಣ್ಣು ಅವರ ಬೆಂಡಿನ ಮೇಲೆ ಬಿತ್ತು. ಜೋಳದ ಕಣಿಕಿಯ ಸಿಪ್ಪೆ ಸುಲಿದು ಒಳಗಿನ ಬಿಳಿ ತಿರುಳನ್ನು ಬೆರಳುದ್ದ ಕತ್ತರಿಸಿದ್ದು. ಕೈಗೆ ಕೊಟ್ಟರು. ಅಂಗೈಯ ಮೇಲೆ ಇದೆಯೋ ಇಲ್ಲವೋ ತಿಳಿಯದು.

"ಅಂಗಡ್ಯಾಗ ಪ್ಲಾಸ್ಟಿಕ್ ಬೆಂಡು ಸಿಗತಾವಲ್ಲ ತಾತ?"

"ಸಿಗತಾವಪಾ. ಅವು ಭಾರ. ಮೀನ ಎಳದಾಗ ಬೆಂಡು ತಡದ್ರ ಅದಕ ಅನುಮಾನ ಬರ್ತದ. ಇದು ತಡಿಯಂಗಿಲ್ಲ, ಹಿಂದಿಂದ ಹೋಗತದ."

ಅಳಿಯ ನನ್ನ ಮುಖ ನೋಡಿದ. ಕರೆಂಟು ಹೋದ ರಾತ್ರಿ ಅವನು ಹೇಳಿದ್ದೂ ಅದೇ ಮಾತು. ಆತ ಟಂಗ್‌ಸ್ಟನ್ ಗುಂಡಿನ ಗ್ರಾಂ ಎಣಿಸುತ್ತಾನೆ, ಇವರು ಕಣಿಕಿ ಸುಲಿಯುತ್ತಾರೆ. ಅವನು ತನ್ನ ಹುಳವನ್ನು ತಾತನ ಕೈಗಿಟ್ಟ. ತಾತ ಹಿಸುಕಿದರು, ಮೂಸಿದರು, ನೀರಿಗೆ ಅದ್ದಿ ತುದಿ ನಡುಗುವುದನ್ನು ಬಹಳ ಹೊತ್ತು ನೋಡಿದರು. "ಮೀನಕ ಹೊಟ್ಟಿ ತುಂಬಸಂಗಿಲ್ಲಲ್ಲ ಇದು" ಅಂದು ವಾಪಸು ಕೊಟ್ಟರು. ಅದರಲ್ಲಿ ಬೇಸರವಿತ್ತು. ಮೀನಿಗೆ ಕೊಡುವುದೇನೂ ಇಲ್ಲದೆ ಮೀನನ್ನು ಕರೆಯುವುದು ಅವರಿಗೆ ಸರಿ ಕಾಣಲಿಲ್ಲ ಅಂತ ನಾನು ತಿಳಿದೆ.

ಅದಕ್ಕೆ ಸೇರಿಸಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ನಮ್ಮ ಈ ದೋಆಬ್ ನೆಲವನ್ನೂ ಆಳಿದವನು, ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವನ್ನೇ ಬರೆಸಿದ್ದಾನೆ. ಹನ್ನೆರಡನೆಯ ಶತಮಾನ. ಯಾವ ಮೀನಿಗೆ ಯಾವ ಆಹಾರ, ಕೋಲು ಹೇಗೆ, ದಾರ ಹೇಗೆ ಎಲ್ಲ ಇದೆ. ಹಿಟ್ಟು ತಿನ್ನುವ ಮೀನಿಗೆ ಹಿಟ್ಟಿನ ಉಂಡೆ, ಮಾಂಸ ತಿನ್ನುವುದಕ್ಕೆ ಮಾಂಸದ ಚೂರು. ಮೀನುಗಳಿಗೆ ಮೊದಲು ಉಣಿಸಿ ಪಳಗಿಸುವ ಮಾತೂ ಬರುತ್ತದೆ. ಗೂಗಲ್ಲಿನ ತಾತ ಆ ಸಾಲಿನವರು. ಟೆಕ್ಸಾಸಿನ ಹುಳ ಆ ಸಾಲಿನಲ್ಲಿ ಎಲ್ಲಿ ಕೂಡಬೇಕು?

ಜುಲೈ, ಮಾನ್ವಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಿದೆ. ಮಾನ್ವಿ ಸುತ್ತ ಭತ್ತದ ನಾಟಿ ಶುರು. ಉಪಕಾಲುವೆಯೊಂದರ ಪಕ್ಕ, ಗದ್ದೆಯ ಬಸಿನೀರು ನಿಂತ ಹಳ್ಳದಲ್ಲಿ ಆಪು, ಜೊಂಡು, ಹಸಿರು ಪಾಚಿ. ನಡುವೆ ಚಾಪೆಯಗಲದಷ್ಟು ಬಯಲು ನೀರು. ಒಂದು ಬದಿ ಗುಳುಕ್ ಅಂತ ಸದ್ದಾಯಿತು. ಉಸಿರಿಗೆ ಬಂದ ಕೊರ್ರಮೀನು.

ಗುಂಡಿಲ್ಲದ ಟೆಕ್ಸಾಸ್ ರಿಗ್ ಕಟ್ಟಿ ಪಾಚಿಯ ಮೇಲೆ ಎಸೆದ. ಹುಳವನ್ನು ಕಪ್ಪೆ ಸರಿದಂತೆ ತುಸುತುಸುವೇ ಎಳೆದು ಬಯಲು ನೀರಿನ ಅಂಚಿಗೆ ತಂದು ನಿಲ್ಲಿಸಿದ. ಹುಳ ಇಳಿಯತೊಡಗಿತು. ದಾರ ಪಕ್ಕಕ್ಕೆ ಸರಿಯಿತು. ನಿಧಾನಕ್ಕೆ ಮೊಳದಷ್ಟು ದೂರ ಹೋಗಿ ನಿಂತಿತು. ಅವನು ಕೋಲೆತ್ತಿದ, ಹುಳ ಬರಿದೇ ಬಂತು. ಮತ್ತೆ ಎಸೆದ. ಮತ್ತೆ ಹಾಗೆಯೇ, ಮೊಳದೂರ ಹೋಗಿ ಬಿಟ್ಟಿತು. ಮೂರನೆಯ ಸಲವೂ ಅಷ್ಟೇ. ಹುಳದ ಮೈಮೇಲೆ ಹಲ್ಲಿನ ಸಣ್ಣ ಗೆರೆ ಮಾತ್ರ, ಬಾಲ ಕೂಡ ಹರಿದಿಲ್ಲ.

"ಇದು ತಿನ್ನೋ ಕಚ್ಚು ಅಲ್ಲ ಮಾಮಾ" ಅಂದ. "ತಿನ್ನಾಕ ಬಂದಿದ್ರ ಬಡದು ಎಳಕೊಂಡು ಹೋಗತಿತ್ತು."

ನಾನು ಬರೆದುಕೊಂಡೆ: ಮೂರು ಸಲ ಎತ್ತಿತು, ಮೂರು ಸಲ ಅಲ್ಲಿಯೇ ಬಿಟ್ಟಿತು. ಹಸಿವಿಲ್ಲ. ಮತ್ತೆ ಯಾಕೆ ಬಂತು? ತಿಳಿಯಲಿಲ್ಲ.

ಅದೇ ಸಂಜೆ ಸ್ವಲ್ಪ ದೂರದ ಮತ್ತೊಂದು ಹಳ್ಳದಲ್ಲಿ ಒಂದು ಸಿಕ್ಕಿತು. ಕಿಲೋದೊಳಗಿನ ಮೀನು, ಆದರೆ ಜೊಂಡಿಗೆ ನುಗ್ಗಿದಾಗ ಆರು ಪೌಂಡಿನ ದಾರ ವೀಣೆಯ ತಂತಿಯಂತೆ ಮೊರೆಯಿತು. ಜೊಂಡಿನ ಮೀನಿಗೆ ಈ ದಾರ ತೀರ ತೆಳುವಾಯಿತು, ನಯದ ಬೇಟೆಗೂ ಒಂದು ಎಲ್ಲೆಯಿದೆ ಅಂತ ಅವನೇ ಒಪ್ಪಿದ. ಐದು ನಿಮಿಷ ಸಾವಕಾಶ ಬಿಟ್ಟು, ಎಳೆದು, ದಂಡೆಗೆ ತಂದ. ಹಾವಿನ ತಲೆ, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಟ್ಟ. ಪಕ್ಕದ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಂತರು. "ಹಿಡಿದು ಯಾಕ ಬಿಟ್ಟಿಯೋ ಯಣ್ಣಾ?" ಅವನಿಗೆ ಉತ್ತರ ಕೂಡಲೆ ಹೊಳೆಯಲಿಲ್ಲ. ಒಬ್ಬಾಕೆಯೇ, "ಶ್ರಾವಣ ಹತ್ರ ಬಂತಲ್ಲ, ಮನ್ಯಾಗ ನಡಿಯಂಗಿಲ್ಲೇನೋ" ಅಂದು ಮತ್ತೆ ಬಾಗಿದಳು.

ಶ್ರಾವಣ, ಮತ್ತೆ ಮಾನ್ವಿ

ಅಕ್ಕನ ಮನೆಯಲ್ಲಿ ಈಗ ಮೀನಿನ ಮಾತೇ ಇಲ್ಲ. ಹಿಡಿದು ಬಿಡುವುದಕ್ಕೆ ಅಡ್ಡಿಯಿಲ್ಲ ಅಂದಳು, ಆದರೆ ಒಳಗೆ ಬರುವ ಮುಂಚೆ ಕೈಕಾಲು ತೊಳೆಯಬೇಕು.

ಮೊದಲ ಹಳ್ಳಕ್ಕೇ ಹೋದೆವು. ಬಯಲು ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಮುದ್ದೆ ಅಲ್ಲಾಡುತ್ತಿತ್ತು. ಬಗ್ಗಿ ನೋಡಿದೆ. ಮರಿಗಳು. ನೂರಾರು, ಒಂದೊಂದೂ ಜೀರಿಗೆಗಿಂತ ಸ್ವಲ್ಪ ದೊಡ್ಡದು. ಒಟ್ಟಿಗೆ ಮೇಲೆ ಬಂದು ಗಾಳಿ ಮುಕ್ಕಿ ಒಟ್ಟಿಗೆ ಇಳಿಯುತ್ತವೆ, ನೀರು ಕುದ್ದಂತೆ ಕಾಣುತ್ತದೆ. ಕೆಳಗೆ ಒಂದು ಕಪ್ಪು ನೆರಳು. ಇನ್ನೊಂದು ಸ್ವಲ್ಪ ಆಚೆ. ಕೊರ್ರಮೀನಿನ ಜೋಡಿ ಮರಿ ಕಾಯುತ್ತದೆ. ಹತ್ತಿರ ಬಂದದ್ದು ಕಪ್ಪೆಯಾದರೂ ಹಾವಾದರೂ ಮೇಲೆ ಬೀಳುತ್ತದೆ. ಗಾಳದವರಿಗೆ ಇದು ಗೊತ್ತು. ಮರಿಮುದ್ದೆಯ ಮೇಲೆ ರಬ್ಬರ್ ಕಪ್ಪೆ ಎಳೆದರೆ ತಾಯೋ ತಂದೆಯೋ ಸಿಕ್ಕೇ ಸಿಗುತ್ತದೆ. ಸಿಕ್ಕ ಮೇಲೆ ಆ ಮರಿಗಳನ್ನು ಜಿಲೇಬಿ ಮೀನು, ಕೊಕ್ಕರೆ ಮುಗಿಸುತ್ತವೆ.

ಅಳಿಯ ಕೋಲಿನ ತುದಿಯ ಹುಳವನ್ನು ಬಿಡಿಸಿ ಜೇಬಿಗೆ ಹಾಕಿಕೊಂಡ. ಕತ್ತಲಾಗುವ ತನಕ ಕೂತು ನೋಡಿದೆವು.

ಸೆಪ್ಟೆಂಬರ್, ಫೋನಿನಲ್ಲಿ

ತಿರುಗಿ ಹೋದ ಮೇಲೆ ಅವನದ್ದು ಮೊದಲ ದೊಡ್ಡ ಮಾತುಕತೆ. ಬಾಸ್ ಮೀನೂ ವಸಂತದಲ್ಲಿ ತಳದ ಮಣ್ಣು ಗುಡಿಸಿ ಗೂಡು ಮಾಡುತ್ತದೆ, ಗಂಡು ಕಾಯುತ್ತದೆ ಅಂದ. ಆಗ ಅದು ಉಣ್ಣುವುದು ಬಹಳ ಕಡಿಮೆ. ಗೂಡಿಗೆ ರಬ್ಬರ್ ಹುಳ ಬಿದ್ದರೆ ತುಟಿಯಂಚಲ್ಲಿ ಹಿಡಿದು ಎತ್ತಿ, ಗೂಡಿನಾಚೆಗೆ ಒಯ್ದು ಬಿಟ್ಟು ಬರುತ್ತದೆ. ಮತ್ತೆ ಬಿದ್ದರೆ ಮತ್ತೆ ಎತ್ತಿ ಹಾಕುತ್ತದೆ. ಆ ಹೊತ್ತಿನಲ್ಲಿ ಹಿಡಿಯುವುದು ಸರಿಯೋ ಅಲ್ಲವೋ ಅಂತ ಅಲ್ಲಿನವರಲ್ಲೂ ವಾದವಿದೆ. ಅವನೂ ಎಷ್ಟೋ ಸಲ ಹಾಗೆ ಹಿಡಿದಿದ್ದಾನೆ.

"ಮಾಮಾ, ಮಾನ್ವಿಯೊಳಗ ಆವತ್ತು ಮೂರು ಸಲ..." ಅಂದ.

ನಾನು ಆಗಲೇ ಜುಲೈ ಪುಟ ತೆಗೆದಿದ್ದೆ. 'ಮತ್ತೆ ಯಾಕೆ ಬಂತು? ತಿಳಿಯಲಿಲ್ಲ' ಅನ್ನುವುದರ ಪಕ್ಕದಲ್ಲಿ 'ಮೊಟ್ಟೆ ಇದ್ದವು' ಅಂತ ಬರೆದೆ.